ಝೂ ಗೇಮ್‌ನಲ್ಲಿ ನವಿಲಿದೆ, ಆದ್ರೆ ಹಾರಲ್ಲ! ಹಕ್ಕಿ, ಮೀನು ಸೇರಿಸೋದು ಯಾಕಿಷ್ಟು ಕಷ್ಟ?

ಹೊಲದಲ್ಲಿ ಮೇಯುವ ನವಿಲು ಸಂಜೆಯಾದರೆ ಮರದ ಮೇಲೆ ಹೋಗಿ ಕೂರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಬೇಲಿ ದಾಟಿ ಹಾರುತ್ತದೆ. ಹಳ್ಳಿ ಮಕ್ಕಳಿಗೆ ಇದೇನೂ ಹೊಸ ವಿಷಯ ಅಲ್ಲ. ಆದರೆ ‘ಪ್ಲಾನೆಟ್ ಝೂ’ ಅನ್ನೋ ಕಂಪ್ಯೂಟರ್ ಗೇಮ್‌ನಲ್ಲಿ ನಮ್ಮದೇ ಭಾರತದ ನವಿಲಿದ್ದರೂ ಅದು ಹಾರಲ್ಲ. ನೆಲದ ಮೇಲೆ ಓಡಾಡಿಕೊಂಡಿರುತ್ತೆ, ಅಷ್ಟೇ.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಕಂಪನಿ 2019ರ ನವೆಂಬರ್‌ನಲ್ಲಿ ಬಿಟ್ಟ ಗೇಮ್ ಇದು. ಆಡುವವರು ತಾವೇ ಮೃಗಾಲಯ ಕಟ್ಟಬೇಕು, ಪ್ರಾಣಿ ತರಬೇಕು, ಮೇವು ಹಾಕಬೇಕು, ಟಿಕೆಟ್ ದುಡ್ಡಿನಲ್ಲಿ ಖರ್ಚು ತೂಗಿಸಬೇಕು. ಆನೆ, ಹುಲಿ, ಘೇಂಡಾಮೃಗ ಎಲ್ಲಾ ಇವೆ. ಆದರೆ ಹಾರುವ ಹಕ್ಕಿ ಬೇಕು, ಮೀನಿನ ಟ್ಯಾಂಕ್ ಬೇಕು ಅನ್ನೋದು ಆಡುವವರ ಹಳೇ ಬೇಡಿಕೆ. ಇಷ್ಟೊಂದು ಪ್ರಾಣಿ ಕೊಟ್ಟ ಕಂಪನಿಗೆ ಒಂದು ಗಿಳಿ ಹಾರಿಸೋದು ಅಷ್ಟು ಕಷ್ಟವಾ?

ತೊಂದರೆ ಚಿತ್ರದ್ದಲ್ಲ, ಜಾಗದ್ದು

ನೆಲದ ಪ್ರಾಣಿಯ ಲೆಕ್ಕ ಸುಲಭ. ಸುತ್ತ ಬೇಲಿ ಇದೆಯಾ, ಕಾಲಿಡಲು ನೆಲ ಇದೆಯಾ ಎಂದು ಕಂಪ್ಯೂಟರ್ ನೋಡಿದರೆ ಸಾಕು. ಹಸು ಕಟ್ಟುವ ಕೊಟ್ಟಿಗೆಯ ಅಳತೆ ಹಾಕಿದಂತೆ, ಉದ್ದ ಮತ್ತು ಅಗಲ ಗೊತ್ತಾದರೆ ಮುಗೀತು.

ಹಕ್ಕಿ ಬಂದರೆ ಎತ್ತರವೂ ಲೆಕ್ಕಕ್ಕೆ ಬರುತ್ತೆ. ಮೇಲೆ ಬಲೆ ಪೂರ್ತಿ ಮುಚ್ಚಿದೆಯಾ? ಯಾವ ಕೊಂಬೆ ಮೇಲೆ ಕೂರಬೇಕು? ಹಾರುವಾಗ ಗೋಡೆಗೆ, ಕಂಬಕ್ಕೆ, ಇನ್ನೊಂದು ಹಕ್ಕಿಗೆ ಡಿಕ್ಕಿ ಹೊಡೆಯದಂತೆ ದಾರಿ ಹುಡುಕುವುದು ಹೇಗೆ? ಈ ಗೇಮ್‌ನಲ್ಲಿ ಪಂಜರ ಕಟ್ಟುವವನು ಆಟಗಾರ. ಒಬ್ಬ ಗುಮ್ಮಟ ಕಟ್ಟುತ್ತಾನೆ, ಇನ್ನೊಬ್ಬ ಗುಹೆ ಕಟ್ಟುತ್ತಾನೆ. ಯಾರು ಹೇಗೇ ಕಟ್ಟಿದರೂ ಹಕ್ಕಿ ಸರಿಯಾಗಿ ಹಾರಬೇಕು. ಕಷ್ಟ ಇರೋದು ಅಲ್ಲೇ.

ನೀರಿನ ಪ್ರಾಣಿಯದ್ದೂ ಅದೇ ಕಥೆ. ನೆಲ ತೋಡಿ ಕೊಳ ಮಾಡೋದು ಬೇರೆ, ನೆಲದ ಮೇಲೆ ಗಾಜಿನ ಗೋಡೆ ನಿಲ್ಲಿಸಿ ಅದರೊಳಗೆ ನೀರು ತುಂಬೋದು ಬೇರೆ. ಜತೆಗೆ ಮೀನು ನೀರಿನೊಳಗೇ ಮೇಲೆ, ಕೆಳಗೆ, ಪಕ್ಕಕ್ಕೆ ತಿರುಗಬೇಕು.

ಹಳೇ ಗೇಮ್‌ನಲ್ಲಿ ಇತ್ತಲ್ಲಾ?

ಇತ್ತು. ಮೈಕ್ರೋಸಾಫ್ಟ್ 2001ರಲ್ಲಿ ‘ಝೂ ಟೈಕೂನ್’ ತಂದಿತ್ತು. 2002ರಲ್ಲಿ ಅದಕ್ಕೆ ‘ಮರೀನ್ ಮೇನಿಯಾ’ ಅನ್ನೋ ಸೇರ್ಪಡೆ ಬಂತು. ಶಾರ್ಕ್, ಡಾಲ್ಫಿನ್, ಓರ್ಕಾ ತಿಮಿಂಗಿಲ ಎಲ್ಲಾ ಇದ್ದವು. ಡಾಲ್ಫಿನ್ ಶೋ ಕೂಡ ಮಾಡಿಸಬಹುದಿತ್ತು. ಆದರೆ ಅದು ಚೌಕಾಬಾರದ ಮನೆಗಳಂತೆ ಚೌಕ ಚೌಕವಾಗಿ ಜೋಡಿಸುವ ಆಟ. ಟ್ಯಾಂಕ್ ಕೂಡ ಚೌಕಗಳ ಲೆಕ್ಕದಲ್ಲೇ ಕಟ್ಟಬೇಕಿತ್ತು, ಹಾಗಾಗಿ ಕೆಲಸ ಸಲೀಸು.

ಇನ್ನೊಂದು ಮಾತು. ಆಗಿನ ಕಾಲಕ್ಕೆ ಮಾಮೂಲಿ ಅನಿಸಿದ್ದ ಡಾಲ್ಫಿನ್ ಶೋ ಈಗ ಹಾಗಿಲ್ಲ. ಭಾರತದಲ್ಲೇ 2013ರಲ್ಲಿ ಕೇಂದ್ರ ಸರ್ಕಾರ ಡಾಲ್ಫಿನ್‌ಗಳನ್ನು ಕೂಡಿಟ್ಟು ಪ್ರದರ್ಶನ ಮಾಡಿಸುವ ಕೇಂದ್ರಗಳಿಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಪ್ಲಾನೆಟ್ ಝೂನಲ್ಲಿ ಡಾಲ್ಫಿನ್, ತಿಮಿಂಗಿಲ ಇಲ್ಲ. ಮೃಗಾಲಯದ ಗೇಮ್‌ನಲ್ಲಿ ಅವು ಇರಬೇಕಾ, ಬೇಡವಾ ಅನ್ನೋದರಲ್ಲಿ ಆಡುವವರಲ್ಲೇ ಎರಡು ಪಂಗಡ.

ಕಂಪನಿ ಹುಡುಕಿಕೊಂಡ ದಾರಿ

2020ರ ಡಿಸೆಂಬರ್‌ನಲ್ಲಿ ‘ಅಕ್ವಾಟಿಕ್ ಪ್ಯಾಕ್’ ಬಂತು. ಹೆಸರು ಕೇಳಿ ಮೀನು, ಶಾರ್ಕ್ ಅಂದ್ಕೊಂಡರೆ ತಪ್ಪು. ಅದರಲ್ಲಿರೋದು ಬೂದು ಸೀಲ್, ದೈತ್ಯ ನೀರುನಾಯಿ, ಕಿಂಗ್ ಪೆಂಗ್ವಿನ್, ಕುಳ್ಳ ಕೈಮನ್ ಮೊಸಳೆ ಮತ್ತು ಒಂದು ಆಮೆ. ಎಲ್ಲವೂ ದಡಕ್ಕೂ ಬರುವ ಪ್ರಾಣಿಗಳೇ. ಆದರೆ ಆಗಲೇ ನೀರಿನಾಳಕ್ಕೆ ಮುಳುಗಿ ಈಜುವುದೂ ಗೇಮ್‌ಗೆ ಬಂತು.

ಹಕ್ಕಿ ವಿಷಯದಲ್ಲೂ ಹಾಗೇ. ನವಿಲು, ಉಷ್ಟ್ರಪಕ್ಷಿ, ಫ್ಲೆಮಿಂಗೊ ಮೊದಲೇ ಇದ್ದವು. ಆಮೇಲೆ ಪೆಂಗ್ವಿನ್, ಕೆಂಪು ನೆತ್ತಿಯ ಕೊಕ್ಕರೆ, ಎಮು, ಕಿವಿ ಬಂದವು. ಎಲ್ಲವೂ ನಡೆಯುವ ಹಕ್ಕಿಗಳು.

ಹಾರುವುದಕ್ಕೆ ಬೇರೆ ಉಪಾಯ ಮಾಡಿದರು. ಜನ ಒಳಗೆ ನಡೆದು ಹೋಗುವಂಥ ಸಿದ್ಧ ಪಂಜರ ಕೊಟ್ಟರು. ಮೈಸೂರಿನ ಕಾರಂಜಿ ಕೆರೆಯ ಪಕ್ಷಿಪಂಜರದೊಳಗೆ ಓಡಾಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. 2022ರಲ್ಲಿ ಅಂಥ ಪಂಜರದಲ್ಲಿ ಬಾವಲಿ, ಚಿಟ್ಟೆ ಬಂದವು. 2023ರ ‘ಟ್ರಾಪಿಕಲ್ ಪ್ಯಾಕ್’ನಲ್ಲಿ ಕೆಂಪು ಮಕಾವ್ ಗಿಳಿ ಬಂತು. ಆದರೆ ಇವು ಮೊದಲೇ ಬರೆದಿಟ್ಟ ದಾರಿಯಲ್ಲಿ ಹಾರುತ್ತವೆ. ಜಾತ್ರೆಯ ತಿರುಗುವ ತೊಟ್ಟಿಲಿನಂತೆ, ಸುತ್ತುತ್ತೆ, ಆದರೆ ದಾರಿ ಬಿಡಲ್ಲ.

ದುಡ್ಡು ಕೊಡೋ ಮುಂಚೆ

ಮಕ್ಕಳು ಪ್ಯಾಕ್ ಬೇಕು ಅಂತ ಹಟ ಹಿಡಿದರೆ ಇಷ್ಟು ನೋಡಿಕೊಳ್ಳಿ:

• ಮೂಲ ಗೇಮ್ ಇಲ್ಲದೆ ಪ್ಯಾಕ್ ಒಂದೇ ಕೊಂಡರೆ ಕೆಲಸಕ್ಕೆ ಬರಲ್ಲ.

• ಪ್ಯಾಕ್‌ನ ಹೆಸರು ನೋಡಿ ಕೊಳ್ಳಬೇಡಿ. ಒಳಗಿರುವ ಪ್ರಾಣಿಗಳ ಪಟ್ಟಿ ಮೊದಲು ಓದಿ.

• ಇದು ಕಂಪ್ಯೂಟರ್ ಗೇಮ್, 2024ರಿಂದ ಟಿವಿಗೆ ಜೋಡಿಸುವ ಗೇಮ್ ಯಂತ್ರಗಳಿಗೂ ಬಂದಿದೆ. ಮೊಬೈಲ್ ಗೇಮ್ ಅಲ್ಲ. ಇದೇ ಹೆಸರಿನಲ್ಲಿ ಮೊಬೈಲ್‌ಗೆ ಫೈಲ್ ಸಿಕ್ಕರೆ ಹಾಕಿಕೊಳ್ಳಬೇಡಿ.

• ಮನೆ ಕಂಪ್ಯೂಟರ್ ತಡೆಯುತ್ತಾ ಎಂದು ಮೊದಲೇ ನೋಡಿ. ಬಿಲ್ ಮಾಡೋಕೆ ಇಟ್ಟ ಅಂಗಡಿ ಕಂಪ್ಯೂಟರ್‌ನಲ್ಲಿ ಇದು ಓಡೋದು ಕಷ್ಟ.

• ‘ಸ್ಟೀಮ್’ ಅಂಗಡಿಯಲ್ಲಿ ಗೇಮ್ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು.

ಇಷ್ಟೆಲ್ಲಾ ನೋಡಿಯೂ ಕೊಡಿಸಿದರೆ ನಷ್ಟ ಏನಿಲ್ಲ. ಒಂದು ಪ್ರಾಣಿಗೆ ಎಷ್ಟು ಜಾಗ, ಎಂಥ ನೀರು, ಎಷ್ಟು ಜೊತೆಗಾರರು ಬೇಕು ಅನ್ನೋದು ಆಡ್ತಾ ಆಡ್ತಾ ಮಕ್ಕಳಿಗೆ ತಿಳಿಯುತ್ತೆ. ನವಿಲು ಹಾರೋದು ನೋಡಬೇಕು ಅಂದ್ರೆ ಮಾತ್ರ ಸಂಜೆ ಹೊಲದ ಕಡೆ ಕರೆದುಕೊಂಡು ಹೋಗಿ.