ಫಾರ್ಮ್ಯಾಟ್‌ಗೆ ಮುನ್ನ ಸಿ ಡ್ರೈವ್ ಜಾಲಾಡಿ

"ಸಿ ಡ್ರೈವ್‌ನಲ್ಲಿ ಏನಾದ್ರೂ ಇದೆಯಾ ಸಾರ್?" ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯವರೆಗೆ, ಕಂಪ್ಯೂಟರ್ ರಿಪೇರಿಯವರು ಫಾರ್ಮ್ಯಾಟ್ ಮಾಡುವ ಮುನ್ನ ಕೇಳುವ ಪ್ರಶ್ನೆ ಇದು. "ಏನಿಲ್ಲಪ್ಪ, ಎಲ್ಲಾ ಡೆಸ್ಕ್‌ಟಾಪ್‌ನಲ್ಲೇ ಇರೋದು" ಎಂಬ ಉತ್ತರ ಬಂದರೆ, ಪಳಗಿದ ಹುಡುಗ ಕೈಯಲ್ಲಿದ್ದ ಪೆನ್‌ಡ್ರೈವ್ ಕೆಳಗಿಡುತ್ತಾನೆ. ಹೊಸಬ ಕೆಲಸ ಶುರು ಮಾಡಿಬಿಡುತ್ತಾನೆ.

ಡೆಸ್ಕ್‌ಟಾಪ್ ಇರುವುದೇ ಸಿ ಡ್ರೈವ್‌ನಲ್ಲಿ. ಪರದೆಯ ಮೇಲೆ ಕಣ್ಣೆದುರಿಗೇ ಕಾಣುವುದರಿಂದ ಅದು ಬೇರೆಲ್ಲೋ ಇದೆ ಎಂದು ಅನೇಕರು ನಂಬಿರುತ್ತಾರೆ. ಸಿ ಡ್ರೈವ್ ತೆರೆದು ಯೂಸರ್ಸ್ ಎಂಬ ಫೋಲ್ಡರ್‌ಗೆ ಹೋದರೆ ನಮ್ಮ ಹೆಸರಿನದೊಂದು ಫೋಲ್ಡರ್ ಸಿಗುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವೂ ಅದರೊಳಗೇ ಇರುತ್ತವೆ. ವಿಂಡೋಸ್ ಕೂತಿರುವುದೂ ಅದೇ ಡ್ರೈವ್‌ನಲ್ಲಿ. ಅದನ್ನು ಒರೆಸಿದರೆ ಮಗಳ ನಾಮಕರಣದ ಫೋಟೋಗಳೂ ಜೊತೆಗೇ ಹೋಗುತ್ತವೆ.

ಈ ಮಾತು ಈಗ ಹೆಚ್ಚು ಮನೆಗಳಿಗೆ ಅನ್ವಯಿಸಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಕಂಪ್ಯೂಟರ್‌ನಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ತೀರಾ ಹಳೆಯದಾಗಿರಬಾರದು. ಹೀಗಾಗಿ ಕೆಲವರು ಹೊಸ ವಿಂಡೋಸ್ ಹಾಕಿಸುತ್ತಿದ್ದಾರೆ, ಕೆಲವರು ಲಿನಕ್ಸ್‌ನತ್ತ ಹೊರಳುತ್ತಿದ್ದಾರೆ. ದಾರಿ ಯಾವುದಾದರೂ ಡ್ರೈವ್‌ಗೆ ಕೈ ಹಾಕಲೇಬೇಕು.

"ಅಪ್‌ಡೇಟ್ ತಾನೇ, ಫೈಲ್‌ಗಳು ಇದ್ದಲ್ಲೇ ಇರುತ್ತವೆ" ಎನ್ನುವವರಿಗೆ 2018ರ ಅಕ್ಟೋಬರ್ ನೆನಪಿಸಬೇಕು. ಆಗ ಬಂದ ವಿಂಡೋಸ್ 10 ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನೇ ಅಳಿಸಿಹಾಕಿತು. ಅವರು ಆ ಫೋಲ್ಡರ್‌ಗಳನ್ನು ಬೇರೆ ಜಾಗಕ್ಕೆ ಬದಲಿಸಿಕೊಂಡಿದ್ದರು. ಹಳೆಯ ಜಾಗದಲ್ಲಿ ಉಳಿದದ್ದು ಖಾಲಿ ಫೋಲ್ಡರ್ ಎಂದುಕೊಂಡು ಅಪ್‌ಡೇಟ್ ಅದನ್ನು ತೆಗೆದುಹಾಕಿತ್ತು; ಕೆಲವರದು ಖಾಲಿ ಇರಲಿಲ್ಲ, ಅಷ್ಟೇ. ಮೈಕ್ರೋಸಾಫ್ಟ್ ಆ ಅಪ್‌ಡೇಟನ್ನು ತಡೆಹಿಡಿದು, ಸರಿಪಡಿಸಿ ನವೆಂಬರ್‌ನಲ್ಲಿ ಮತ್ತೆ ಬಿಡಬೇಕಾಯಿತು.

ಫೋಟೋ, ವಿಡಿಯೊಗಳನ್ನು ಜನ ಹೇಗೂ ಮರೆಯುವುದಿಲ್ಲ. ಎಡವಟ್ಟಾಗುವುದು ಕಣ್ಣಿಗೆ ಬೀಳದ ಮೂಲೆಗಳಲ್ಲಿ. ಅಂಗಡಿ ಲೆಕ್ಕ ಬರೆಯುವ ಟ್ಯಾಲಿಯನ್ನೇ ನೋಡಿ. ಯಾರೂ ಬದಲಿಸದಿದ್ದರೆ ಅದರ ಲೆಕ್ಕವೆಲ್ಲ ಸಿ ಡ್ರೈವ್‌ನ ಯೂಸರ್ಸ್ ಒಳಗೆ, ಪಬ್ಲಿಕ್ ಎಂಬ ಫೋಲ್ಡರ್‌ನಲ್ಲಿ ಶೇಖರವಾಗುತ್ತದೆ. ಅಲ್ಲಿ ಹುಡುಕಿದರೂ ಅಂಗಡಿಯ ಹೆಸರು ಸಿಗುವುದಿಲ್ಲ; ಬರೀ 10000ದಂಥ ಅಂಕಿಗಳ ಫೋಲ್ಡರ್‌ಗಳು. ಗೊತ್ತಿಲ್ಲದವರಿಗೆ ಅದು ಕಸದಂತೆ ಕಾಣುತ್ತದೆ, ಮಾಲೀಕನಿಗೆ ವರ್ಷಗಳ ಜಿಎಸ್‌ಟಿ ಲೆಕ್ಕ. ಟ್ಯಾಲಿಯೊಳಗಿನಿಂದಲೇ ಬ್ಯಾಕಪ್ ತೆಗೆದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕುವುದು ಸುರಕ್ಷಿತ. ಫಾರ್ಮ್ಯಾಟ್‌ಗೆ ಮೊದಲು ಲೈಸೆನ್ಸ್ ಸರೆಂಡರ್ ಮಾಡಿದರೆ ಆಮೇಲೆ ಆ್ಯಕ್ಟಿವೇಟ್ ಮಾಡುವಾಗ ತಾಪತ್ರಯವಿಲ್ಲ.

ಕನ್ನಡದವರದೇ ಆದ ಇನ್ನೊಂದು ತಲೆನೋವು ಫಾಂಟ್. ಯೂನಿಕೋಡ್ ರೂಢಿಗೆ ಬರುವ ಮುನ್ನ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಡಿಟಿಪಿ ಅಂಗಡಿಗಳ ಶ್ರೀಲಿಪಿ ಇವುಗಳಲ್ಲಿ ಟೈಪ್ ಮಾಡಿದ ರಾಶಿ ರಾಶಿ ಕಡತಗಳು ಇಂದಿಗೂ ಕಚೇರಿ, ಮುದ್ರಣಾಲಯಗಳಲ್ಲಿವೆ. ಅವುಗಳಲ್ಲಿ ಕನ್ನಡ ಕಾಣುವುದು ಫಾಂಟ್‌ನ ಕೃಪೆಯಿಂದ. ಕಂಪ್ಯೂಟರ್‌ನ ಪಾಲಿಗೆ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲುಗಳೇ. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಲಗ್ನಪತ್ರಿಕೆಯ ಫೈಲ್ ತೆರೆದವನಿಗೆ ವಧುವೂ ಇಲ್ಲ, ವರನೂ ಇಲ್ಲ, ಬರೀ ಕಲಸುಮೇಲೋಗರ. ಫೈಲ್ ಕೆಟ್ಟಿತೆಂದು ಗಾಬರಿಯಾಗಿ ಅಳಿಸಿದವರೂ ಉಂಟು. ಅದು ಕೆಟ್ಟಿರುವುದಿಲ್ಲ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಕನ್ನಡದ ಫಾಂಟ್‌ಗಳನ್ನು ಮೊದಲೇ ಕಾಪಿ ಮಾಡಿಟ್ಟುಕೊಂಡಿದ್ದರೆ ಐದು ನಿಮಿಷದ ಕೆಲಸ. ಹಳೆಯ ಆವೃತ್ತಿಯ ಫಾಂಟ್ ಹೊರಗೆ ಹುಡುಕಿ ತರುವುದು ಅಷ್ಟು ಸಲೀಸಲ್ಲ.

ಪಾಸ್‌ವರ್ಡ್‌ಗಳ ಕಥೆ ಬೇರೆ. ಕ್ರೋಮ್ ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳು ಆ ಕಂಪ್ಯೂಟರ್‌ನ ವಿಂಡೋಸ್ ಖಾತೆಗೆ ಬೆಸೆದ ಗೂಢಲಿಪಿಯಲ್ಲಿರುತ್ತವೆ. ಆ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಕೊಂಡರೂ ಹೊಸ ವಿಂಡೋಸ್‌ನಲ್ಲಿ ಅವು ಬಿಚ್ಚಿಕೊಳ್ಳುವುದಿಲ್ಲ. ಗೂಗಲ್ ಖಾತೆಗೆ ಸಿಂಕ್ ಆಗಿವೆಯೇ ನೋಡಿಕೊಳ್ಳಬೇಕು, ಇಲ್ಲವೇ ಎಕ್ಸ್‌ಪೋರ್ಟ್ ಮಾಡಬೇಕು. ಎಕ್ಸ್‌ಪೋರ್ಟ್ ಆದ ಫೈಲನ್ನು ಯಾರು ಬೇಕಾದರೂ ಓದಬಹುದು. ರಿಪೇರಿ ಅಂಗಡಿಯ ಪೆನ್‌ಡ್ರೈವ್‌ನಲ್ಲಿ ಬಿಟ್ಟುಬರುವಂಥದ್ದಲ್ಲ ಅದು.

ಒನ್‌ಡ್ರೈವ್ ಬಳಸುವವರು ಫೈಲ್ ಪಕ್ಕದ ಗುರುತು ಗಮನಿಸಬೇಕು. ಮೋಡದ ಚಿತ್ರವಿದ್ದರೆ ಫೈಲ್ ಇರುವುದು ಇಂಟರ್ನೆಟ್ಟಿನಲ್ಲಿ, ಡಿಸ್ಕ್‌ನಲ್ಲಿರುವುದು ಅದರ ಹೆಸರು ಮಾತ್ರ. ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ಎರಡೂ ಇಲ್ಲ. ಉಚಿತವಾಗಿ ಅಲ್ಲಿ ಸಿಗುವುದು 5 ಜಿಬಿ, ಗೂಗಲ್‌ನಲ್ಲಿ 15 ಜಿಬಿ. ಮದುವೆ ವಿಡಿಯೊಗಳಿಗೆ ಇದು ಯಾವ ಮೂಲೆಗೂ ಸಾಲದು. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕೇ ಗತಿ. ಪೆನ್‌ಡ್ರೈವ್ ಬಳಸುವವರಿಗೆ ಒಂದು ಸೂಚನೆ: ಅದು ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರೊಳಗೆ ಹೋಗದು, ಜಾಗ ಎಷ್ಟಿದ್ದರೂ.

ಕಾಪಿ ಆಯಿತೆಂದು ಪರದೆ ಹೇಳಿದೊಡನೆ ಎದ್ದುಹೋಗಬಾರದು. ಎರಡೂ ಕಡೆಯ ಫೋಲ್ಡರ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲ್‌ಗಳ ಸಂಖ್ಯೆ ತಾಳೆ ನೋಡಬೇಕು. ನಾಲ್ಕಾರು ಫೈಲ್‌ಗಳನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿದರೆ ಇನ್ನೂ ಒಳ್ಳೆಯದು.

ಕಂಪ್ಯೂಟರ್ ಆನೇ ಆಗದಿದ್ದರೆ? ಹಾರ್ಡ್‌ಡಿಸ್ಕ್ ಸರಿಯಿದ್ದರೆ ಹೆದರಬೇಕಿಲ್ಲ. ಲ್ಯಾಪ್‌ಟಾಪ್ ಪರದೆಯಲ್ಲಿ ಚಿತ್ರ ಬರುತ್ತಿದ್ದು ವಿಂಡೋಸ್ ಮಾತ್ರ ಕೈಕೊಟ್ಟಿದ್ದರೆ, ಉಬುಂಟು ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಅದನ್ನು ಶುರು ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆಯೇ ಫೈಲ್‌ಗಳನ್ನು ಹೊರಗೆಳೆಯಬಹುದು. ಯಂತ್ರವೇ ಸತ್ತಿದ್ದರೆ ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಬಲ್‌ನಿಂದ ಇನ್ನೊಂದಕ್ಕೆ ಜೋಡಿಸುತ್ತಾರೆ. ಎರಡಕ್ಕೂ ಅಡ್ಡ ಬರುವುದು ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್. ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ತಿಳಿಯದಂತೆಯೇ ಇದು ಚಾಲೂ ಆಗಿರುತ್ತದೆ. ಅದು ಕೇಳುವ 48 ಅಂಕಿಗಳ ರಿಕವರಿ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಲಾಗಿನ್ ಆಗಿ ಅದನ್ನು ಕಾಗದದ ಮೇಲೆ ಬರೆದಿಡಬೇಕು.

ಹೋದದ್ದನ್ನು ಸಾಫ್ಟ್‌ವೇರ್‌ನಿಂದ ವಾಪಸ್ ತರಿಸೋಣ ಎಂಬ ಧೈರ್ಯ ಹಳೆಯ ಹಾರ್ಡ್‌ಡಿಸ್ಕ್‌ಗಳ ಕಾಲದ್ದು. ಅವುಗಳಲ್ಲಿ ಅಳಿಸಿದ ಫೈಲ್, ಅದರ ಮೇಲೆ ಬೇರೇನೋ ಬರೆಯುವವರೆಗೂ ಉಳಿದಿರುತ್ತಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಶುದ್ಧ ಮಾಡಿಬಿಡುತ್ತದೆ. ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ಹೊಸ ವಿಂಡೋಸ್ ಹಾಕಿದವರಿಗೆ ಮಾತ್ರ ಒಂದು ಅವಕಾಶ ಉಳಿದಿರುತ್ತದೆ: ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಮೂಡಿರುತ್ತದೆ, ಹಳೆಯ ಯೂಸರ್ಸ್ ಅದರೊಳಗಿರುತ್ತದೆ. ಸಾಮಾನ್ಯವಾಗಿ 10 ದಿನ ಕಳೆದ ಮೇಲೆ ವಿಂಡೋಸ್ ತಾನಾಗಿಯೇ ಅದನ್ನು ಅಳಿಸುತ್ತದೆ.