ಸೋಡಾ ಕುಡಿದು ತೇಗಿದರೆ ಎದೆನೋವು ಹೋದಂತಲ್ಲ

“ಗ್ಯಾಸು ಕಣಪ್ಪಾ, ಒಂದ್ ಚಿಟಿಕೆ ಸೋಡಾ ಕಲಸ್ಕೊಂಡ್ ಕುಡಿ, ತೇಗು ಬಂದ್ರೆ ಸರಿಹೋಯ್ತದೆ.” ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ, ಎದೆ ಹಿಡಿದುಕೊಂಡು ಕೂತವರಿಗೆ ಮನೆಯವರು ಹೇಳುವ ಮೊದಲ ಮಾತು ಇದು. ಅಡುಗೆ ಸೋಡಾದ ಬಗ್ಗೆ ನಮ್ಮಲ್ಲಿರುವ ತಪ್ಪು ತಿಳಿವಳಿಕೆಗಳಲ್ಲಿ ಎಲ್ಲಕ್ಕಿಂತ ಅಪಾಯದ್ದೂ ಇದೇ.

ತೇಗಿನ ಜೊತೆ ಹೊರಬಂದದ್ದು ಒಳಗೆ ಸಿಕ್ಕಿಕೊಂಡಿದ್ದ ಗ್ಯಾಸ್ ಎಂದು ಜನ ನಂಬುತ್ತಾರೆ. ಅದು ಸೋಡಾ ಆಗಷ್ಟೇ ಹುಟ್ಟಿಸಿದ ಗ್ಯಾಸ್. ಸೋಡಿಯಂ ಬೈಕಾರ್ಬೊನೇಟ್ ಜಠರದ ಆಮ್ಲವನ್ನು ಮುಟ್ಟಿದೊಡನೆ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗಿ ತೇಗು ಬರುತ್ತದೆ. ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲದವರು ಕುಡಿದರೂ ಬಂದೇ ಬರುತ್ತದೆ. ಹುಳಿ ಏರಿ ಎದೆ ಉರಿಯುತ್ತಿದ್ದರೆ ಸೋಡಾದಿಂದ ಸ್ವಲ್ಪ ಹೊತ್ತು ಆರಾಮ ಸಿಗುವುದು ನಿಜ. ಆದರೆ ಹೃದಯಾಘಾತದಲ್ಲೂ ಎದೆ ಹಿಂಡುತ್ತದೆ, ಹೊಟ್ಟೆಯ ಮೇಲ್ಭಾಗ ನೋಯುತ್ತದೆ, ವಾಕರಿಕೆ ಬರುತ್ತದೆ. ತೇಗು ಬಂತೆಂದು ಧೈರ್ಯ ತಂದುಕೊಂಡು ಮಲಗಿದವರು ಚಿಕಿತ್ಸೆಗೆ ಬೇಕಾದ ಅಮೂಲ್ಯ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹುಟ್ಟಿದ್ದೇ ಈ ಗಂಟೆಗಳನ್ನು ಉಳಿಸಲು. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಬೆವರು, ಉಸಿರಾಟದ ಕಷ್ಟ, ತೋಳಿಗೋ ದವಡೆಗೋ ಹರಿಯುವ ನೋವು ಕಂಡರೆ ಸೋಡಾ ಡಬ್ಬಿ ಹುಡುಕುತ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ.

ಬರೀ ಉರಿಯೇ ಆಗಿದ್ದರೂ ದಿನಾ ಕುಡಿಯುವಂಥದ್ದಲ್ಲ ಇದು. ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಸೋಡಾದಲ್ಲಿ ಹೆಚ್ಚುಕಡಿಮೆ 1.4 ಗ್ರಾಂ ಸೋಡಿಯಂ ಇರುತ್ತದೆ. ದೊಡ್ಡವರಿಗೆ ಇಡೀ ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಸಾರು, ಉಪ್ಪಿನಕಾಯಿ ಉಣ್ಣುವ ನಮಗೆ, ಅದರಲ್ಲೂ ಬಿಪಿ ಇರುವವರಿಗೆ, ಈ ಲೆಕ್ಕ ಚಿಕ್ಕದಲ್ಲ.

ಹಾಗೆಂದು ಸೋಡಾ ಔಷಧವೇ ಅಲ್ಲ ಎನ್ನುವುದೂ ತಪ್ಪು. ಮೂತ್ರಪಿಂಡ ಸೋತು ರಕ್ತದಲ್ಲಿ ಆಮ್ಲ ಹೆಚ್ಚಿದವರಿಗೆ ವೈದ್ಯರು ಇದೇ ಬೈಕಾರ್ಬೊನೇಟನ್ನು ಮಾತ್ರೆಯಾಗಿ ಕೊಡುತ್ತಾರೆ. ಡಯಾಲಿಸಿಸ್ ದ್ರವದಲ್ಲೂ ಅದಿರುತ್ತದೆ. ಆದರೆ ಅಲ್ಲಿ ರಕ್ತಪರೀಕ್ಷೆ ನೋಡಿ ಅಳತೆ ನಿಗದಿಯಾಗುತ್ತದೆ. “ದೇಹದ ಹುಳಿ ತೆಗೆದರೆ ಕ್ಯಾನ್ಸರ್ ವಾಸಿ” ಎಂದು ಮೊಬೈಲ್‌ನಲ್ಲಿ ಹರಿದಾಡುವ ಮಾತಿಗೆ ಮಾತ್ರ ಆಧಾರವಿಲ್ಲ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುವಂತೆ ಶ್ವಾಸಕೋಶ, ಮೂತ್ರಪಿಂಡಗಳೇ ಕಾಯುತ್ತವೆ. ಲೋಟದ ಸೋಡಾ ಗಡ್ಡೆಯನ್ನು ಕರಗಿಸುವುದಿಲ್ಲ.

ಬಟ್ಟೆ ಸೋಡಾ ಬೇರೆ, ಅಡುಗೆ ಸೋಡಾ ಬೇರೆ ಎಂಬುದೂ ಎಲ್ಲರಿಗೂ ತಿಳಿದಿಲ್ಲ. ಬಟ್ಟೆಯದು ಸೋಡಿಯಂ ಕಾರ್ಬೊನೇಟ್, ತೀಕ್ಷ್ಣ ಕ್ಷಾರ. ನುಂಗಿದರೆ ಬಾಯಿ, ಅನ್ನನಾಳ ಸುಡಬಹುದು. ಸಂತೆಯಿಂದ ಪೊಟ್ಟಣ ಕಟ್ಟಿಸಿ ತಂದರೆ ಎರಡೂ ಒಂದೇ ಥರ ಕಾಣುತ್ತವೆ. ಹೆಸರು ಬರೆದು ಬೇರೆ ಬೇರೆ ಕಡೆ ಇಡಿ.

ಇನ್ನು ಬೆಲ್ಲ. ಪಾಂಡವಪುರ, ಕೆ.ಆರ್.ಪೇಟೆ ಕಡೆಯ ಆಲೆಮನೆಗಳ ಬಗ್ಗೆ “ಸೋಡಾ ಸುರಿದು ಬೆಲ್ಲ ಬೆಳ್ಳಗೆ ಮಾಡ್ತಾರೆ” ಎಂಬ ದೂರು ಹಳೆಯದು. ಈ ದೂರಿನಲ್ಲಿ ಅಪರಾಧಿಯ ಹೆಸರೇ ತಪ್ಪು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಸುಣ್ಣವನ್ನೋ ಸೋಡಾವನ್ನೋ ಹಾಕುವುದು ಅದರ ಹುಳಿ ಮುರಿದು ಮಡ್ಡಿ ಮೇಲೆ ಬರಲಿ, ಬೆಲ್ಲ ಗಟ್ಟಿಯಾಗಿ ಕೂರಲಿ ಎಂದು. ಅಳತೆ ಮೀರಿದರೆ ಬೆಲ್ಲ ಬೆಳ್ಳಗಾಗುವುದಿಲ್ಲ, ಕಪ್ಪಾಗುತ್ತದೆ. ಹೊಂಬಣ್ಣ ಬರಿಸುವುದು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದರಿಂದ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ, ಅಸ್ತಮಾ ಇರುವ ಕೆಲವರಿಗೆ ಅದು ಉಸಿರಾಟದ ತೊಂದರೆ ಕೊಡುತ್ತದೆ. ಹೊಳೆಯುವ ಬೆಲ್ಲಕ್ಕೇ ಹೆಚ್ಚು ಬೆಲೆ ಕೊಡುವ ಪೇಟೆ ರೈತನನ್ನು ಹೈಡ್ರೋಸ್ ಕಡೆಗೆ ನೂಕಿದೆ ಎಂದೇ ನನ್ನ ಭಾವನೆ. ಅದಕ್ಕೆ ಉತ್ತರವೆಂದು ಕಪ್ಪು ಬೆಲ್ಲವೆಲ್ಲ ಶುದ್ಧ ಎಂದುಕೊಳ್ಳುವಂತೆಯೂ ಇಲ್ಲ. ಚೌಳು ಭೂಮಿಯ ಕಬ್ಬು, ಸೀದ ಪಾಕ, ಬೆರೆಸಿದ ಹಳೆ ಬೆಲ್ಲ ಇವೂ ಬಣ್ಣ ಕೆಡಿಸುತ್ತವೆ. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವ ಆಲೆಮನೆ ಗೊತ್ತಿದ್ದರೆ ಅಲ್ಲಿಂದಲೇ ಕೊಳ್ಳಿ.

ಅಡುಗೆಮನೆಯಲ್ಲಿ ಬೋರ್‌ವೆಲ್‌ನ ಗಡಸು ನೀರಿಗೆ ಕಾಳು ಬೇಯದಿದ್ದಾಗ ಚಿಟಿಕೆ ಸೋಡಾ ಹಾಕಿದರೆ ಬೇಗ ಮೆತ್ತಗಾಗುತ್ತದೆ ನಿಜ, ಆದರೆ ಬಿ1 ಜೀವಸತ್ವ ನಷ್ಟವಾಗುತ್ತದೆ. ರಾತ್ರಿಯೇ ನೆನೆಹಾಕುವುದು ಮೇಲು. ಬಜ್ಜಿಗೆ ಸೋಡಾ ಹೆಚ್ಚಾದರೆ ಎಣ್ಣೆ ಹೆಚ್ಚು ಕುಡಿಯುತ್ತದೆ, ಅರಿಶಿನವಿದ್ದರೆ ಹಿಟ್ಟು ಕೆಂಪಗಾಗುತ್ತದೆ. ಹಾಲು ಹುಳಿಯಾಗುವ ಹೊತ್ತಿಗೆ ಸೋಡಾ ಬೆರೆಸಿದರೆ “ಕೆಡಲ್ಲ” ಎಂಬ ಮಾತೂ ಸುಳ್ಳು. ಹುಳಿ ಮರೆಯಾಗುತ್ತದೆ, ಸೂಕ್ಷ್ಮಜೀವಿಗಳು ಹಾಗೇ ಇರುತ್ತವೆ. ಅದು ಕಾನೂನಿನ ಪ್ರಕಾರ ಕಲಬೆರಕೆ. ರೋಸಾಲಿಕ್ ಆಮ್ಲದ ಪರೀಕ್ಷೆಯಲ್ಲಿ ಅಂಥ ಹಾಲು ಗುಲಾಬಿಗೆಂಪಾಗಿ ಸಿಕ್ಕಿಬೀಳುತ್ತದೆ.

ಕೊಟ್ಟಿಗೆಯಲ್ಲಿ ಸೋಡಾ ನಿಜವಾಗಿಯೂ ಪ್ರಾಣ ಉಳಿಸಬಲ್ಲದು. ಮದುವೆಮನೆಯ ಮಿಕ್ಕ ಅನ್ನವನ್ನೋ ರಾಗಿಹಿಟ್ಟನ್ನೋ ಹಸು ಒಮ್ಮೆಲೇ ತಿಂದರೆ ಮೆಲುಕುಚೀಲದಲ್ಲಿ ಪಿಷ್ಟ ಬೇಗ ಹುದುಗಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಮೆಲುಕು ನಿಲ್ಲುತ್ತದೆ, ಹಸು ನೆಲ ಹಿಡಿಯುತ್ತದೆ. ಪಶುವೈದ್ಯರು ಆ ಆಮ್ಲ ಮುರಿಯಲು ಸೋಡಾ ಕೊಡುತ್ತಾರೆ. ಅದನ್ನು ಕಂಡವರು ಎಲ್ಲ ಹೊಟ್ಟೆಯುಬ್ಬರಕ್ಕೂ ಸೋಡಾ ಹುಯ್ಯುತ್ತಾರೆ. ಹಸಿ ಅಲಸಂದೆ, ಕುದುರೆ ಮೆಂತೆ ಮೇದು ಉಬ್ಬಿದ ಹೊಟ್ಟೆಯಲ್ಲಿರುವುದು ನೊರೆ. ಅದನ್ನು ಒಡೆಯಲು ಬೇಕಾದದ್ದು ಎಣ್ಣೆಯಂಥ ಪದಾರ್ಥ. ಮಲಗಿದ ಹಸುವಿನ ತಲೆ ಮೇಲೆತ್ತಿ ಗೊಟ್ಟದಲ್ಲಿ ಏನೇ ಹುಯ್ದರೂ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಪಶು ಸಂಜೀವಿನಿ ವಾಹನದ ಸಂಖ್ಯೆ 1962. ಕರೆ ಮಾಡಿದಾಗ ಹಸು ಏನು ತಿಂದಿತು, ಎಷ್ಟು ತಿಂದಿತು, ತಿಂದು ಎಷ್ಟು ಹೊತ್ತಾಯಿತು, ಮನೆಯಲ್ಲಿ ಈಗಾಗಲೇ ಏನು ಕುಡಿಸಿದ್ದೀರಿ ಎಂಬುದನ್ನೆಲ್ಲ ಮುಚ್ಚಿಡದೆ ಹೇಳಿ.