ಕೇಳಲು ನಾಚುವ ಪ್ರಶ್ನೆ

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ಮಗ್ಗುಲಲ್ಲಿರುವ ಊರು. ಆಚೆಗೆ ತೆಲಂಗಾಣದ ಗಡಿ. ಈಚೆಗೆ ಸೇಡಂ, ಚಿತ್ತಾಪುರ, ಶಹಾಬಾದುಗಳ ಕಲ್ಲುಗಣಿಗಳು. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದಾಗ ಪರಿಚಿತರ ಮನೆಯಲ್ಲಿ ಒಬ್ಬ ತರುಣನನ್ನು ಕಂಡೆನು. ಗಣಿಯಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಗಾಲಿಕುರ್ಚಿ ದೊರೆತಿತ್ತು, ಮಾಸಾಶನವೂ ಬರುತ್ತಿತ್ತು. ಮನೆಯವರು ಒಳಗೆ ಹೋದ ಮೇಲೆ ಅವನು ತಗ್ಗಿದ ದನಿಯಲ್ಲಿ ಕೇಳಿದನು: “ಸರ, ಓದಿದವರು ನೀವು. ನನ್ನ ಹೇಣ್ತಿಗಿ ತವರಮನಿಗಿ ಕಳಿಸಿಬಿಡ್ಲೇನ್ರಿ? ಆಕಿ ಬಾಳ್ವಿ ಯಾಕ ಹಾಳ ಮಾಡ್ಲಿ?”

ಕನ್ನಡ ಪಾಠ ಹೇಳುವ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಅಂಗವಿಕಲ ಗಂಡಸಿಗೆ ದಾಂಪತ್ಯದ ಬಯಕೆಯೇ ಇರದೆಂದು ನಾವು ಸುಮ್ಮನೆ ಭಾವಿಸಿಕೊಂಡಿದ್ದೇವೆ. ನಮ್ಮ ಹಿರಿಯರು ಹಾಗೆ ಭಾವಿಸಿದಂತೆ ತೋರುವುದಿಲ್ಲ. ಹುಟ್ಟುಗುರುಡನಾದ ಧೃತರಾಷ್ಟ್ರನು ನೂರು ಮಕ್ಕಳ ತಂದೆ. ಎಂಟು ಕಡೆ ಡೊಂಕಾದ ಅಷ್ಟಾವಕ್ರನು ಸುಪ್ರಭೆಯ ಕೈಹಿಡಿದವನು.

ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಕುರುಡು, ಕಿವುಡುಗಳಿಗೂ ಪುರುಷತ್ವಕ್ಕೂ ಸಂಬಂಧವಿಲ್ಲ. ಪೋಲಿಯೋ ಸ್ನಾಯುಗಳ ಬಲವನ್ನು ಕುಗ್ಗಿಸುತ್ತದೆಯೇ ಹೊರತು ಸ್ಪರ್ಶಜ್ಞಾನವನ್ನು ಕಸಿಯುವುದಿಲ್ಲ. ಬೆನ್ನುಹುರಿಯ ಪೆಟ್ಟಿನ ಮಾತು ಬೇರೆ. ಅಲ್ಲಿ ಪೆಟ್ಟು ಯಾವ ಮಟ್ಟದಲ್ಲಿ, ಎಷ್ಟು ಆಳವಾಗಿ ಬಿದ್ದಿದೆಯೆಂಬುದೇ ಮುಖ್ಯ. ಮಿದುಳಿನಿಂದ ಬರುವ ಪ್ರಚೋದನೆ ನಿಂತುಹೋದರೂ, ಬೆನ್ನುಹುರಿಯ ಕೆಳತುದಿಯ ಕೇಂದ್ರವು ಉಳಿದಿದ್ದರೆ ಸ್ಪರ್ಶದಿಂದ ನಿಮಿರುವಿಕೆ ಸಾಧ್ಯ. ಸಾಲದಾದರೆ, 1998ರಿಂದ ಬಳಕೆಗೆ ಬಂದ ಸಿಲ್ಡೆನಾಫಿಲ್‌ನಂಥ ಔಷಧಗಳು ಅನೇಕರಿಗೆ ನೆರವಾಗಿವೆ. ಆದರೆ ಹೃದ್ರೋಗಕ್ಕೆ ನೈಟ್ರೇಟ್ ಗುಳಿಗೆ ಸೇವಿಸುವವರಿಗೆ ಇದು ಅಪಾಯಕಾರಿ. ವೈದ್ಯರನ್ನು ಕೇಳದೆ ಅಂಗಡಿಯಿಂದ ಕೊಳ್ಳಲಾಗದು. ವೀರ್ಯಸ್ಖಲನಕ್ಕೆ ಹಲವರಿಗೆ ಅಡ್ಡಿಯಾಗುವುದು ನಿಜ. ಆದರೂ ಕಂಪನಯಂತ್ರದಿಂದಲೋ ವಿದ್ಯುತ್ ಪ್ರಚೋದನೆಯಿಂದಲೋ ವೀರ್ಯವನ್ನು ಪಡೆದು ಸಂತಾನಕ್ಕೆ ಪ್ರಯತ್ನಿಸುವ ಮಾರ್ಗಗಳಿವೆ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಮೊದಲೇ ಮೂತ್ರಕೋಶವನ್ನು ಬರಿದುಮಾಡಿಕೊಳ್ಳಬೇಕು. ಅರಿವಿಲ್ಲದ ಚರ್ಮ ಒತ್ತಿ ಉಜ್ಜಿ ಹುಣ್ಣಾಗದಂತೆ ನೋಡಿಕೊಳ್ಳಬೇಕು. ಎದೆಯ ನಡುಭಾಗದಿಂದ ಮೇಲಕ್ಕೆ ಪೆಟ್ಟಾದವರಿಗೆ ಒಮ್ಮೆಲೇ ತಲೆ ಸಿಡಿದು ಬೆವರೊಡೆದರೆ ಅದು ರಕ್ತದೊತ್ತಡ ಏರಿದ ಲಕ್ಷಣ. ಕೂಡಲೇ ನಿಲ್ಲಿಸಿ, ನೆಟ್ಟಗೆ ಕುಳಿತು, ತಡಮಾಡದೆ ವೈದ್ಯರ ನೆರವು ಪಡೆಯಬೇಕು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಮಿಕ್ಕಿದ್ದಾರೆ. ಅವರಿಗೆ ಸಂತಾನ ಹಾಗೂ ಕುಟುಂಬಯೋಜನೆಯ ತಿಳಿವಳಿಕೆ ದೊರೆಯುವಂತೆ ಮಾಡುವುದು ಸರಕಾರದ ಹೊಣೆಯೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 10ನೆಯ ಕಲಮು ವಿಧಿಸುತ್ತದೆ. ಅಂಗವಿಕಲರನ್ನು ವರಿಸಿದವರಿಗೆ ನಮ್ಮ ರಾಜ್ಯ ಪ್ರೋತ್ಸಾಹಧನದ ಯೋಜನೆಯನ್ನೂ ಮಾಡಿದೆ. ಮದುವೆಗೆ ಹಣ ಕೊಟ್ಟರಾಯಿತೇ? ಮದುವೆಯ ಮರುದಿನದ ಸಂಶಯಗಳನ್ನು ಯಾರಲ್ಲಿ ಕೇಳಬೇಕು? ಗ್ರಾಮಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವಿಕಲರೇ. ಈ ವಿಷಯದಲ್ಲಿ ಅವರಿಗೆ ತರಬೇತಿ ಕೊಟ್ಟರೆ ಅರ್ಧ ಕೆಲಸವಾದಂತೆ. ಉಳಿದರ್ಧ ಮನೆಯವರದು. ಗಂಡಹೆಂಡಿರಿಗೆ ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆಯನ್ನಾದರೂ ಬಿಟ್ಟುಕೊಡಬೇಕು; “ಇನ್ನು ಇವನಿಗೇಕೆ ಅದೆಲ್ಲ” ಎಂಬ ಮಾತನ್ನು ಬಿಡಬೇಕು.

ಆ ತರುಣನಿಗೆ ನಾನು ತಿಳಿದುದನ್ನೆಲ್ಲ ಕಾಗದದಲ್ಲಿ ಬರೆದೆನು. ಕಡೆಯಲ್ಲಿ ಒಂದು ಪ್ರಶ್ನೆಯನ್ನೂ ಸೇರಿಸಿದೆನು: “ತವರಿಗೆ ಕಳುಹಿಸುವ ಮಾತನ್ನು ನನ್ನಲ್ಲಿ ಕೇಳಿದೆ. ಆಕೆಯನ್ನು ಕೇಳಿದೆಯೇನಪ್ಪಾ?”

ತಿಂಗಳ ಮೇಲೆ ಉತ್ತರ ಬಂದಿತು, ಎರಡೇ ಸಾಲು. ಕೇಳಿದನಂತೆ, ಆಕೆ ಒಂದು ದಿನವಿಡೀ ಮಾತು ಬಿಟ್ಟಿದ್ದಳಂತೆ. ಮರುವಾರ ಇಬ್ಬರೂ ಕಲಬುರಗಿಯ ಆಸ್ಪತ್ರೆಗೆ ಹೊರಟಿದ್ದರು.